ತೊಟ್ಟಿಲು ತೂಗುವ ಮುನ್ನ

ಬೇಸಿಗೆಯ ಮಧ್ಯಾಹ್ನ. ಮಸ್ಕಿಯ ಗುಡ್ಡದ ಬಂಡೆಗಳು ರೊಟ್ಟಿಯ ಹಂಚಿನಂತೆ ಕಾದಿವೆ. ಬೀದಿಯಲ್ಲಿ ನರಪಿಳ್ಳೆಯ ಸುಳಿವಿಲ್ಲ. ಆದರೂ ಒಂದು ಮನೆಯ ಅಡುಗೆಕೋಣೆಯಲ್ಲಿ ಒಲೆ ಇನ್ನೂ ಆರಿಲ್ಲ. ಬಾಣಲೆಯ ತುಪ್ಪದಲ್ಲಿ ಅಂಟಿನ ಹರಳುಗಳು ಚಟಪಟನೆ ಅರಳುತ್ತಿವೆ. ಪಕ್ಕದ ಪರಾತಗಳಲ್ಲಿ ಹೆರೆದ ಒಣಕೊಬ್ಬರಿ, ಕುಟ್ಟಿದ ಉತ್ತತ್ತಿ, ಹುರಿದ ಗಸಗಸೆ, ಪುಡಿಮಾಡಿದ ಬೆಲ್ಲ. ಪಡಸಾಲೆಯಲ್ಲಿ ಅಜ್ಜಿ ತನ್ನ ಹಳೆಯ ಇಲಕಲ್ಲ ಸೀರೆಗಳನ್ನು ಪದರ ಪದರವಾಗಿ ಹಾಸಿಕೊಂಡು ಪುಟ್ಟ ಕೌದಿಯೊಂದಕ್ಕೆ ಹೊಲಿಗೆ ಹಾಕುತ್ತಿದ್ದಾಳೆ. ಬೆಂಗಳೂರಿನಲ್ಲಿ ಸಂಸಾರ ಹೂಡಿರುವ ಮೊಮ್ಮಗಳು ಚೊಚ್ಚಲ ಹೆರಿಗೆಗಾಗಿ ತವರಿಗೆ ಬರುವವಳಿದ್ದಾಳೆ.

ಇಂಥ ಮನೆ ಮಸ್ಕಿಯಲ್ಲಿ ಒಂದೇ ಅಲ್ಲ. ಸಿಂಧನೂರಿನಲ್ಲಿ, ಲಿಂಗಸುಗೂರಿನಲ್ಲಿ, ಮುದಗಲ್ಲಿನಲ್ಲಿ, ಹಟ್ಟಿಯ ಚಿನ್ನದ ಗಣಿಯ ಕ್ವಾರ್ಟರ್ಸುಗಳಲ್ಲಿ ಎಲ್ಲೆಲ್ಲಿಯೂ ಇದೇ ದೃಶ್ಯ. ಗಂಡನ ಊರು ಎಲ್ಲಿಯೇ ಇರಲಿ, ಮೊದಲ ಬಾಣಂತನ ತವರಿನದೇ ಎಂಬುದು ಈ ಸೀಮೆಯ ತಾಯಂದಿರು ಬಿಟ್ಟುಕೊಡದ ಹಕ್ಕು. ಆ ಹಕ್ಕಿನೊಳಗೆ ಅಕ್ಕರೆಯಿದೆ, ಅನುಭವವಿದೆ, ಕೊಂಚ ಹೆಮ್ಮೆಯೂ ಇದೆ. ಆದರೆ ಎರಡು ತಿಂಗಳ ಮೊದಲೇ ಅಂಟು, ಉತ್ತತ್ತಿ ತಂದಿಡುವ ಮನೆಯಲ್ಲಿ, ನಡುರಾತ್ರಿ ನೋವು ಕಾಣಿಸಿಕೊಂಡರೆ ಯಾವ ಆಸ್ಪತ್ರೆಗೆ ಹೋಗತಕ್ಕದ್ದು, ಯಾರ ವಾಹನದಲ್ಲಿ ಎಂದು ಕೇಳಿದರೆ, ಅನೇಕ ವೇಳೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. “ಆ ಹೊತ್ತಿಗೆ ನೋಡಿದ್ರಾತು ಬಿಡ್ರಿ” ಎನ್ನುತ್ತಾರೆ ಮನೆಯ ಯಜಮಾನರು.

ಮೊದಲು ಸಂಭ್ರಮದ ಮಾತು. ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯ. ಹಸಿರು ಸೀರೆ, ಹಸಿರು ಬಳೆ, ಹೂವಿನ ದಂಡೆ, ಮಡಿಲಕ್ಕಿ, ಬಯಕೆಯ ಅಡುಗೆ, ನೆರೆಹೊರೆಯವರ ಹಾಡು. ಇವುಗಳಿಂದ ಏನು ಪ್ರಯೋಜನವೆಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದರು. ಮಸ್ಕಿಗೂ ಅಂಥವನೊಬ್ಬನಿಗೂ ನಂಟುಂಟು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಇಲ್ಲಿ ಕಂಡುಹಿಡಿದ ಬಂಡೆಯ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ದೊರೆತು, ಇತರ ಶಾಸನಗಳ ‘ದೇವಾನಾಂಪ್ರಿಯ’ ಯಾರೆಂಬುದು ಖಚಿತವಾಯಿತಷ್ಟೆ. ಅದೇ ಚಕ್ರವರ್ತಿ ತನ್ನ ಒಂಬತ್ತನೆಯ ಬಂಡೆ ಶಾಸನದಲ್ಲಿ, ಮಕ್ಕಳು ಹುಟ್ಟಿದಾಗ, ಮದುವೆಗಳಲ್ಲಿ, ಕಾಯಿಲೆಯಲ್ಲಿ ಹೆಂಗಸರು ನಡೆಸುವ ಬಗೆಬಗೆಯ ಮಂಗಳಕಾರ್ಯಗಳಿಂದ ದೊರೆಯುವ ಫಲ ಅಲ್ಪವೆಂದು ಗೊಣಗಿದ್ದಾನೆ. ಆ ಶಾಸನ ಮಸ್ಕಿಯಲ್ಲಿಲ್ಲ, ಆಂಧ್ರದ ಎರ್ರಗುಡಿಯೇ ಮೊದಲಾದ ಕಡೆಗಳಲ್ಲಿದೆ. ಆದರೂ ಅವನು ಅವುಗಳನ್ನು ನಿಲ್ಲಿಸಿರೆಂದು ಹೇಳಲಿಲ್ಲ, ಮಾಡಬೇಕಾದವೇ ಎಂದು ಒಪ್ಪಿಕೊಂಡ. ಇಪ್ಪತ್ತೆರಡು ಶತಮಾನಗಳ ಮೇಲೆಯೂ ಅವನ ಬಂಡೆಯ ಊರಿನಲ್ಲಿ ಕುಬಸ ನಡೆಯುತ್ತಲೇ ಇದೆ. ಮುಗಿಯದ ಚಿಂತೆಯ ಒಂಬತ್ತು ತಿಂಗಳಲ್ಲಿ ಬಸುರಿಯನ್ನು ನಡುಮನೆಯಲ್ಲಿ ಕೂರಿಸಿ ಎಲ್ಲರೂ ಅವಳನ್ನೇ ನೋಡುವ ಒಂದು ದಿನವಾದರೂ ಇರುವುದು ಒಳ್ಳೆಯದೇ. ಆದರೆ ಕುಬಸದ ಖರ್ಚಿಗಾಗಿ ಸಾಲ ಮಾಡಿ, ಮುಂದೆ ಆಸ್ಪತ್ರೆಗೆ ಹೋಗುವಾಗ ಕೈ ಬರಿದು ಮಾಡಿಕೊಳ್ಳುವ ಮನೆಗಳನ್ನು ಕಂಡರೆ ಮಾತ್ರ ಚಕ್ರವರ್ತಿಯ ಗೊಣಗಾಟ ನ್ಯಾಯವೆನಿಸುತ್ತದೆ.

ಕುಬಸ ಮುಗಿದೊಡನೆ ಪ್ರಯಾಣ. ಬೆಂಗಳೂರಿನಿಂದ ಮಸ್ಕಿಗೆ ಸುಮಾರು ನಾನೂರು ಕಿಲೊಮೀಟರ್ ದಾರಿ, ಬಹಳ ಮಂದಿ ಬರುವುದು ರಾತ್ರಿಯ ಬಸ್ಸಿನಲ್ಲಿ. ಹೊರಡುವ ಮೊದಲು ಅಲ್ಲಿಯ ವೈದ್ಯರ ಒಪ್ಪಿಗೆ ಪಡೆಯಬೇಕು. ಕೊನೆಯ ವಾರಗಳವರೆಗೆ ಕಾಯಬಾರದು. ದಾರಿಯಲ್ಲಿ ಒಂದೆರಡು ಗಂಟೆಗೊಮ್ಮೆ ಕಾಲಾಡಿಸಬೇಕು. ಸೀರೆಗಳಿಗಿಂತ ಮುಖ್ಯವಾಗಿ ಕೈಚೀಲದಲ್ಲಿ ಇರತಕ್ಕ ವಸ್ತುವೆಂದರೆ ಕಾಗದಗಳು: ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು, ರಕ್ತದ ಗುಂಪು ಬರೆದ ಚೀಟಿ. ಎಂಟು ತಿಂಗಳು ಒಬ್ಬ ವೈದ್ಯರು ನೋಡಿದ ಬಸುರಿಯನ್ನು ಒಂಬತ್ತನೆಯ ತಿಂಗಳಲ್ಲಿ ಇನ್ನೊಬ್ಬರು ಕೈಗೆ ತೆಗೆದುಕೊಳ್ಳುವಾಗ ಈ ಕಾಗದಗಳೇ ಅವರಿಗೆ ಕಣ್ಣು. ತವರಿಗೆ ಬಂದ ಮೊದಲ ವಾರದಲ್ಲಿಯೇ ಇಲ್ಲಿಯ ವೈದ್ಯರನ್ನು ಕಾಣಬೇಕು. ಬಂಧುಗಳ ಮನೆಯ ಊಟಗಳು ಆಮೇಲೆ ಆಗಬಹುದು.

ಈಗ ಆ ನಡುರಾತ್ರಿಯ ಪ್ರಶ್ನೆ. ಹೆರಿಗೆಯಲ್ಲಿ ತಾಯಂದಿರು ಸಾಯುವುದಕ್ಕೆ ಮೂರು ವಿಳಂಬಗಳು ಕಾರಣವೆಂದು 1994ರಲ್ಲಿ ಥಡಿಯಸ್ ಮತ್ತು ಮೇಯ್ನ್ ಎಂಬ ಇಬ್ಬರು ಸಂಶೋಧಕಿಯರು ಬರೆದರು. ಹೋಗಬೇಕೆಂದು ನಿರ್ಧರಿಸುವುದರಲ್ಲಿ ತಡ, ತಲಪುವುದರಲ್ಲಿ ತಡ, ತಲಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ತಡ. ಮೊದಲಿನ ಎರಡು ಮನೆಯವರ ಕೈಯಲ್ಲಿಯೇ ಇವೆ. ಮಸ್ಕಿಯಿಂದ ಸಿಂಧನೂರಿಗೂ ಲಿಂಗಸುಗೂರಿಗೂ ಸುಮಾರು 30 ಕಿಲೊಮೀಟರ್. ಎರಡು ಕಡೆಯೂ ತಾಲ್ಲೂಕು ಆಸ್ಪತ್ರೆಗಳಿವೆ. ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಂದರೆ ರಿಮ್ಸ್, ಸುಮಾರು 80 ಕಿಲೊಮೀಟರ್ ದೂರ. ಹೆರಿಗೆ ಸರಳವಾಗುವಂತಿದ್ದರೆ ಹತ್ತಿರದ ಆಸ್ಪತ್ರೆ ಸಾಕು. ಆದರೆ ರಕ್ತದೊತ್ತಡ ಏರಿರುವವಳು, ಅವಳಿ ಮಕ್ಕಳನ್ನು ಹೊತ್ತವಳು, ಹಿಂದೆ ಸಿಸೇರಿಯನ್ ಆದವಳು, ರಕ್ತ ತೀರ ಕಡಿಮೆಯಿರುವವಳು, ಇವರು ನೋವು ಬಂದ ಮೇಲೆ ಊರಿಂದೂರಿಗೆ ಅಲೆಯಬಾರದು. ಎಲ್ಲಿ ಹೆರಿಗೆಯಾಗತಕ್ಕದ್ದೆಂದು ವೈದ್ಯರೊಡನೆ ಮಾತಾಡಿ ಮೊದಲೇ ಗೊತ್ತುಮಾಡಿಕೊಂಡು, ಅಗತ್ಯವಿದ್ದರೆ ದಿನ ತುಂಬುವ ಮೊದಲೇ ಆ ಊರಿನ ಬಂಧುಗಳ ಮನೆಗೆ ಹೋಗಿ ಇರುವುದು ಜಾಣತನ.

ಆಸ್ಪತ್ರೆಯೆಂದರೆ ಹೆದರಿಕೆ ಈ ಸೀಮೆಯಲ್ಲಿ ಇನ್ನೂ ಇದೆ. ಅದಕ್ಕೆ ಕಾರಣವಿಲ್ಲವೆನ್ನಲಾಗದು. 2024ರ ನವೆಂಬರಿನಲ್ಲಿ ನೆರೆಯ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಕೊಟ್ಟ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆಯೇ ಸಂದೇಹವೆದ್ದು ನಾಡೆಲ್ಲ ತಲ್ಲಣಿಸಿತು. ಆ ಸುದ್ದಿ ಕೇಳಿದ ಮೇಲೆ ಮನೆಯಲ್ಲಿಯೇ ಹೆರಿಗೆ ಮಾಡಿಸಿದರಾಗದೆ ಎಂದು ಅಜ್ಜಿಯಂದಿರು ಅಂದುಕೊಂಡರೆ ಅವರನ್ನು ನಗಬಾರದು. ಅವರ ನೆನಪಿನಲ್ಲಿ ಒಳ್ಳೆಯ ಸೂಲಗಿತ್ತಿಯರಿದ್ದಾರೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಕಣ್ಣು ಮುಚ್ಚಿದರು. ಆದರೆ ಹೆರಿಗೆಯ ಅನಂತರ ರಕ್ತಸ್ರಾವ ನಿಲ್ಲದೆ ಹೋದರೆ ಎಂಥ ನುರಿತ ಕೈಗೂ ಔಷಧ ಬೇಕು, ರಕ್ತ ಬೇಕು. ಅದೂ ಗಂಟೆಗಳಲ್ಲಿ ಅಲ್ಲ, ನಿಮಿಷಗಳಲ್ಲಿ. ಅದು ಮನೆಯಲ್ಲಿ ಇರುವುದಿಲ್ಲ. ಹೆದರಿಕೆಗೆ ಮದ್ದು ಆಸ್ಪತ್ರೆಯನ್ನು ತೊರೆಯುವುದಲ್ಲ, ಮೊದಲೇ ಹೋಗಿ ನೋಡಿ, ಕೇಳಿ ಬರುವುದು. ರಾತ್ರಿ ವೈದ್ಯರು ಇರುತ್ತಾರೆಯೆ? ರಕ್ತ ಎಲ್ಲಿಂದ ತರಿಸುತ್ತಾರೆ? ಕೇಳಿದರೆ ತಪ್ಪೇನಿಲ್ಲ.

108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅದರ ಜೊತೆಗೆ ರಾತ್ರಿ ಎಬ್ಬಿಸಿದರೂ ಬೇಸರಿಸದ ಇಬ್ಬರು ಕಾರಿನವರ ನಂಬರು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿರಲಿ. ಬಸುರಿಯ ಗುಂಪಿಗೆ ರಕ್ತ ಕೊಡಬಲ್ಲ ಅಣ್ಣ, ಮಾವ, ಪಕ್ಕದ ಮನೆಯ ಹುಡುಗ ಯಾರೆಂದು ಗೊತ್ತಿರಲಿ. ಅವಳ ರಕ್ತ ನೆಗೆಟಿವ್ ಗುಂಪಿನದಾಗಿ ಮಗುವಿನದು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ. ಚಿಕ್ಕ ಊರಿನ ಔಷಧದಂಗಡಿಯಲ್ಲಿ ಅದು ಸಿಗುವುದೆಂಬ ಭರವಸೆಯಿಂದ ಕೂರಬಾರದು. 2011ರಿಂದ ನಡೆದಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಮನೆಯಿಂದ ಹೋಗಿಬರುವ ವಾಹನ ಎಲ್ಲವೂ ಉಚಿತವಾಗಿ ದೊರೆಯಬೇಕು. ಇದನ್ನು ತಿಳಿದವರೇ ಕಡಿಮೆ, ತಿಳಿದು ಕೇಳುವವರು ಇನ್ನೂ ಕಡಿಮೆ.

ರಕ್ತದ ಮಾತು ಬಂದಿತಾದುದರಿಂದ ಇನ್ನೊಂದು. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಅಪಾಯ. ಉತ್ತರ ಕರ್ನಾಟಕದಲ್ಲಿ ಈ ತೊಂದರೆ ಬಹಳ. ಕಬ್ಬಿಣದ ಮಾತ್ರೆಗಳನ್ನು 180 ದಿನ ತಪ್ಪದೆ ನುಂಗಬೇಕೆಂದು ಆಶಾ ಕಾರ್ಯಕರ್ತೆ ಹೇಳಿ ಕೊಟ್ಟುಹೋಗುತ್ತಾಳೆ. ಮಾತ್ರೆಗಳು ಕಪಾಟಿನಲ್ಲಿ ಉಳಿಯುತ್ತವೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂಬುದು ಕಾರಣ. ಮಲ ಕಪ್ಪಾಗುವುದು ಸಹಜ, ಅದರಿಂದ ಕೆಡುಕಿಲ್ಲ. ಊಟವಾದ ಮೇಲೆ ರಾತ್ರಿ ಮಲಗುವಾಗ ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಂಡರೆ ತೊಳಸುವುದು ತಗ್ಗುತ್ತದೆ, ಕಬ್ಬಿಣವೂ ಮೈಗೆ ಹತ್ತುತ್ತದೆ. ಚಹಾದೊಡನೆ ನುಂಗಿದರೆ ನುಂಗಿದ ಫಲ ಅರ್ಧಕ್ಕರ್ಧ ಹೋದಂತೆ. ಜೋಳದ ರೊಟ್ಟಿ, ಹೆಸರುಕಾಳು, ಮೆಂತ್ಯ, ಸಬ್ಬಸಿಗೆ ಪಲ್ಯ, ಶೇಂಗಾ ಚಟ್ನಿ ಇವೆಲ್ಲ ಒಳ್ಳೆಯ ಆಹಾರವೇ. ಆದರೆ ತಗ್ಗಿದ ರಕ್ತವನ್ನು ಹೆರಿಗೆಯೊಳಗೆ ಏರಿಸಲು ಪಲ್ಯವೊಂದೇ ಸಾಲದು.

ಬಾಣಂತಿಯ ಕೋಣೆ

ಮನೆಯ ಸಿದ್ಧತೆಯಲ್ಲಿ ಅತಿ ಮುಖ್ಯವಾದುದು ಕೋಣೆ. ಅಜ್ಜಿಯ ಲೆಕ್ಕದಲ್ಲಿ ಬಾಣಂತಿಯ ಕೋಣೆಯೆಂದರೆ ಗಾಳಿ ನುಸುಳದ ಕತ್ತಲೆಯ ಕೋಣೆ. ಕಿಟಕಿಗೆ ಗೋಣಿತಾಟು, ಬಾಗಿಲಿಗೆ ಕಂಬಳಿ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಬಾಣಂತಿಯ ಕಿವಿಗೆ ಅರಳೆ, ತಲೆಗೆ ಬಿಗಿದ ಬಟ್ಟೆ, ಸಂಜೆಗೆ ಲೋಬಾನದ ಹೊಗೆ. ಈ ಪದ್ಧತಿಯನ್ನು ಮೂಢತನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಹುಟ್ಟಿದ ಮನೆ ಎಂಥದು? ದಪ್ಪ ಕಲ್ಲಿನ ಗೋಡೆ, ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆ, ಮೇಲೊಂದು ಬೆಳಕಿಂಡಿ. ಅದರಲ್ಲಿ ಬೇಸಿಗೆಯಲ್ಲಿಯೂ ತಂಪು. ಮಾಗಿಯ ರಾತ್ರಿಗಳಲ್ಲಿ ಚಳಿ ಹಿಡಿದು ನಡುಗಿಸುವ ತಂಪು. ಹುಟ್ಟಿದ ಕೂಸಿಗೆ ಚಳಿ ನಿಜವಾಗಿಯೂ ಶತ್ರು. ತೂಕ ಎರಡೂವರೆ ಕಿಲೊಗಿಂತ ಕಡಿಮೆಯಿರುವ ಕೂಸಿಗಂತೂ ಮೈ ತಣ್ಣಗಾಗುವುದೇ ಪ್ರಾಣಕ್ಕೆ ಎರವು. ಅಜ್ಜಿಯರು ಅದನ್ನು ಕಂಡಿದ್ದರು, ಕೆಂಡವಿಟ್ಟರು.

ಇಂದಿನ ಮನೆ ಬೇರೆ. ಮೇಲೆ ಕಾಂಕ್ರೀಟಿನ ಛಾವಣಿ, ಸುತ್ತ ತೆಳ್ಳನೆಯ ಇಟ್ಟಿಗೆಯ ಗೋಡೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಸೀಮೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲು ಹೀರಿದ ಕಾವನ್ನು ಛಾವಣಿ ರಾತ್ರಿಯಿಡೀ ಕೆಳಗೆ ಸುರಿಯುತ್ತದೆ. ಅಂಥ ಕೋಣೆಗೆ ಗೋಣಿತಾಟು ಕಟ್ಟಿ, ಕೆಂಡವಿಟ್ಟು, ಕೂಸನ್ನು ಕುಂಚಿಗೆ ಕೌದಿಗಳಲ್ಲಿ ಸುತ್ತಿದರೆ, ಚಳಿಯ ಮದ್ದೇ ಬಿಸಿಲಿಗೆ ವಿಷವಾಗುತ್ತದೆ. ಕೂಸಿನ ಮೈ ಸುಡುತ್ತದೆ. ಮನೆಯವರು ಜ್ವರವೆಂದು ಇನ್ನೊಂದು ಹೊದಿಕೆ ಹೊದಿಸುತ್ತಾರೆ. ಬಾಯಿ ಒಣಗಿ, ಮೂತ್ರ ಕಡಿಮೆಯಾಗಿ, ಕೂಸು ಹಾಲು ಕುಡಿಯುವ ಶಕ್ತಿಯನ್ನೂ ಕಳೆದುಕೊಳ್ಳುವುದುಂಟು. ಮುಚ್ಚಿದ ಕೋಣೆಯ ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕಂತೂ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಚ್ಚರಿಸದೆಯೇ ಕೊಲ್ಲಬಲ್ಲುದು. ಕೆಂಡ ಯಾವ ಕಾಲಕ್ಕೂ ಕೋಣೆಯೊಳಗೆ ಬೇಡ.

ಹಾಗಾದರೆ ಏನು ಮಾಡಬೇಕು? ಮಹಡಿಯ ಕೋಣೆಯನ್ನು ಬಿಟ್ಟು ಕೆಳಗಿನ, ಪಡುವಣ ಬಿಸಿಲು ಬೀಳದ ಕೋಣೆಯನ್ನು ಆರಿಸಿಕೊಳ್ಳಬೇಕು. ಒಂದು ತಿಂಗಳ ಮೊದಲೇ ಅದಕ್ಕೆ ಸುಣ್ಣ ಬಳಿದು ಒಣಗಿಸಬೇಕು. ಕೊನೆಯ ವಾರದಲ್ಲಿ ಬಣ್ಣ ಬಳಿದು ಅದರ ವಾಸನೆಗೆ ಕೂಸನ್ನು ತರಬಾರದು. ಛಾವಣಿಯ ಮೇಲೆ ಸುಣ್ಣದ ಬಿಳುಪು ಬಳಿದರೆ ಒಳಗಿನ ಕಾವು ತಗ್ಗುತ್ತದೆ. ಕಿಟಕಿಗೆ ಸೊಳ್ಳೆಯ ಜಾಲರಿ ಹಾಕಿ, ಬೆಳಗಿನ ಜಾವ, ಸಂಜೆಯ ಮೇಲೆ ತೆರೆದಿಡಬೇಕು. ಫ್ಯಾನು ಹಾಕಬಾರದೆಂಬುದು ಸರಿಯಲ್ಲ. ಫ್ಯಾನಿನ, ಕೂಲರಿನ ಗಾಳಿ ನೇರವಾಗಿ ಕೂಸಿನ ಮೇಲೆ ಬೀಳದಿದ್ದರೆ ಸಾಕು. ಬೇಸಿಗೆಯ ಹಗಲಿನಲ್ಲಿ ಕೂಸಿಗೆ ಒಂದು ಪದರದ ಹಳೆಯ ಹತ್ತಿಯ ಬಟ್ಟೆ ಧಾರಾಳವಾಯಿತು. ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿದರೆ ಬೆವರಿದೆಯೋ ತಣ್ಣಗಿದೆಯೋ ಗೊತ್ತಾಗುತ್ತದೆ. ಅಂಗೈ ಅಂಗಾಲು ಮುಟ್ಟಿ ತೀರ್ಮಾನಿಸಬಾರದು. ಮಾಗಿಯಲ್ಲಿ ಹುಟ್ಟಿದ ಸಣ್ಣ ಕೂಸಿಗೆ ಕೆಂಡಕ್ಕಿಂತ ಮೇಲಾದ ಬಿಸಿ ತಾಯಿಯ ಎದೆ. 1978ರಲ್ಲಿ ಕೊಲಂಬಿಯ ದೇಶದ ಬೊಗೋಟದಲ್ಲಿ ವೈದ್ಯ ಎಡ್ಗರ್ ರೇ ಎಂಬುವರು, ಬೆಚ್ಚಗಿಡುವ ಯಂತ್ರಗಳು ಸಾಲದೆ, ತೂಕ ಕಡಿಮೆಯಿದ್ದ ಶಿಶುಗಳನ್ನು ತಾಯಂದಿರ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಸಿದರು. ಕಾಂಗರೂ ಆರೈಕೆಯೆಂದು ಹೆಸರಾದ ಈ ಕ್ರಮವನ್ನು ಇಂದು ನಮ್ಮ ಜಿಲ್ಲಾ ಆಸ್ಪತ್ರೆಗಳ ನರ್ಸುಗಳೂ ಕಲಿಸಿಕೊಡುತ್ತಾರೆ. ತಂದೆಯೂ ಹಾಗೆ ಹೊತ್ತುಕೊಳ್ಳಬಹುದು. ನಮ್ಮ ಗಂಡಸರು ನಾಚಿಕೊಳ್ಳುತ್ತಾರೆ, ಅಷ್ಟೆ.

“ನೀರು ಬಾಳ ಕುಡಿಬ್ಯಾಡವ್ವಾ, ಹೊಟ್ಟಿ ಬರ್ತೈತಿ” ಎಂಬುದು ಅಜ್ಜಿಯ ಎರಡನೆಯ ಕಟ್ಟಳೆ. ಹೆತ್ತವಳಿಗೆ ನೀರನ್ನು ಅಳೆದು ಕೊಡುವ ಮನೆಗಳು ಇನ್ನೂ ಇವೆ. ಎದೆಹಾಲಿನ ಬಹುಪಾಲು ನೀರೇ. ಬೆವರಾಗಿ ಅಷ್ಟು ಹೋಗಿ, ಹಾಲಾಗಿ ಇಷ್ಟು ಹೋಗುವ ಬೇಸಿಗೆಯಲ್ಲಿ ಬಾಣಂತಿಯನ್ನು ಬಾಯಾರಿಸುವುದು ಕ್ರೌರ್ಯವೆಂದೇ ಹೇಳಬೇಕು. ಅವಳಿಗೆ ಕೈಗೆಟಕುವಲ್ಲಿ ಒಂದು ಹೂಜಿ ಇರಲಿ. ಕೂಸಿಗೆ ಮಾತ್ರ ನೀರು ಬೇಡ. ಎಂಥ ಬಿಸಿಲಿನಲ್ಲಿಯೂ ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ರಾಯಚೂರು ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ ಕುಡಿಯುವ ನೀರನ್ನು ಶುದ್ಧೀಕರಣ ಘಟಕದಿಂದ ತಂದು ಕುದಿಸಿ ಆರಿಸಿಡುವುದು ಮೇಲು.

ಅಂಟಿನುಂಡೆಯ ಬಗ್ಗೆ ತಕರಾರಿಲ್ಲ. ತುಪ್ಪ, ಕೊಬ್ಬರಿ, ಉತ್ತತ್ತಿಗಳ ಆ ಉಂಡೆ ದಣಿದ ದೇಹಕ್ಕೆ ಬಲ ಕೊಡುತ್ತದೆ, ಮೇಲಾಗಿ ರುಚಿ. ಅಳವಿಯ ಪಾಯಸವೂ ಇರಲಿ. ಆದರೆ ಉಂಡೆ ತಿಂದಳೆಂದು ಕಾಯಿಪಲ್ಯ, ಬೇಳೆ, ಹಣ್ಣು, ಮೊಸರುಗಳನ್ನು ‘ಥಂಡಿ’ಯೆಂದು ನಿಲ್ಲಿಸಿ ನಲವತ್ತು ದಿನ ಅನ್ನ ಸಾರಿನಲ್ಲಿಯೇ ಕಳೆಯಿಸುವುದು ತಪ್ಪು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು (1934–1991) ಇಂಥ ವಿಷಯಗಳನ್ನು ಮನೆಮಾತಿನಲ್ಲಿ ಕನ್ನಡದ ಹೆಣ್ಣುಮಕ್ಕಳಿಗೆ ಬರೆದು ತಿಳಿಸಿ ದಶಕಗಳೇ ಕಳೆದವು. ಪುಸ್ತಕ ಓದಿದವಳು ಮಗಳು, ಬಡಿಸುವವಳು ಅಜ್ಜಿ, ತೊಡಕಿರುವುದು ಅಲ್ಲಿ.

ತೊಡಕು ಬಿಡಿಸಲು ಹೆರಿಗೆಗೆ ಮೊದಲೇ ಒಂದು ಸಂಜೆ ಎಲ್ಲರೂ ಕೂಡಿ ಕೂತು ಮಾತಾಡಿದರೆ ಒಳ್ಳೆಯದು. ಕೂಸು ಹುಟ್ಟಿದ ಗಳಿಗೆಯಲ್ಲಿ ವಾದ ಹೂಡಲು ಯಾರಿಗೂ ವ್ಯವಧಾನವಿರುವುದಿಲ್ಲ. ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಹಳದಿಯಾದ ಗಟ್ಟಿ ಹಾಲನ್ನು ಹಿಂಡಿ ಚೆಲ್ಲಬಾರದು, ರೋಗ ತಡೆಯುವ ಶಕ್ತಿಯಿರುವುದು ಅದರಲ್ಲಿಯೇ. ಜೇನುತುಪ್ಪ, ಸಕ್ಕರೆ ನೀರು, ತೇದ ಬಜೆ ನಾಲಗೆಗೆ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ವರ್ಷ ತುಂಬದ ಮಗುವಿನ ನರಗಳನ್ನು ಕೆಡಿಸಬಲ್ಲುದು. ಹೊಕ್ಕುಳಿಗೆ ಎಣ್ಣೆ, ಅರಿಸಿನ, ಬೂದಿ ಏನನ್ನೂ ಹಚ್ಚದೆ ಒಣಗಲು ಬಿಡಬೇಕು. ಮೊದಲ ಸ್ನಾನ ಒಂದು ದಿನವಾದರೂ ಕಳೆಯಲಿ. ದೃಷ್ಟಿ ತಗಲೀತೆಂಬ ಚಿಂತೆಯಿದ್ದರೆ ಕಾಡಿಗೆಯ ಬೊಟ್ಟು ಅಂಗಾಲಿಗಿರಲಿ, ಕಣ್ಣಿಗೆ ಬೇಡ. ಅಜ್ಜಿಗೆ ಇವನ್ನೆಲ್ಲ ಮೊಮ್ಮಗಳು ಹೇಳಿದರೆ ನಾಟದು. ಆಶಾ ಕಾರ್ಯಕರ್ತೆಯಿಂದಲೋ ದಾದಿಯಿಂದಲೋ ಹೇಳಿಸಿದರೆ, ಅದರಲ್ಲಿಯೂ ಅಜ್ಜಿಯ ಅನುಭವವನ್ನು ಮೊದಲು ಕೇಳಿ ಆಮೇಲೆ ಹೇಳಿಸಿದರೆ, ಬೇಗ ಒಪ್ಪುತ್ತಾಳೆ.

ಎಣ್ಣೆ ಹಚ್ಚಿ ಎರೆಯಲು ಬರುವ ಮುದುಕಿಯೊಡನೆಯೂ ಈ ಮಾತು ನಡೆಯಬೇಕು. ಅವಳು ಕೈ ತೊಳೆದು ಬರಲಿ, ಉಗುರು ಕತ್ತರಿಸಿರಲಿ, ಮೂಗಿಗೆ ಕಿವಿಗೆ ಎಣ್ಣೆ ಹಾಕದಿರಲಿ. ಅವಳಿಗೂ ಹೊತ್ತಿಗೆ ಸರಿಯಾಗಿ ಚಹಾ, ತಿಂಗಳಿಗೆ ಸರಿಯಾದ ಸಂಬಳ ಸಲ್ಲಲಿ. ಮಂಗಳಕಾರ್ಯಗಳಲ್ಲಿ ನಿಜವಾದುದು ಯಾವುದೆಂದು ಹೇಳುವಾಗ ಅಶೋಕನು ಆಳುಗಳೊಡನೆ ಸೌಜನ್ಯದಿಂದ ನಡೆದುಕೊಳ್ಳುವುದನ್ನೂ ಸೇರಿಸಿದ್ದಾನೆ.

ಇನ್ನು ತೊಟ್ಟಿಲು. ಉಳ್ಳವರ ಮನೆಗೆ ಕಲಘಟಗಿಯ ಬಣ್ಣದ ತೊಟ್ಟಿಲು ಬರುತ್ತದೆ. ಪುರಾಣದ ಚಿತ್ರಗಳನ್ನು ಬರೆದ ಆ ಮರದ ತೊಟ್ಟಿಲು ಹೆಸರಿಡುವ ದಿನ ಮನೆಗೇ ಕಳೆ ಕೊಡುತ್ತದೆ. ಇಲ್ಲದವರಿಗೆ ಸೀರೆಯ ಜೋಳಿಗೆಯೇ ತೊಟ್ಟಿಲು. ಹಳೆಯ ಮನೆಯಲ್ಲಿ ಜಂತಿಗೆ ಕಟ್ಟುತ್ತಿದ್ದರು. ಕಾಂಕ್ರೀಟಿನ ಮನೆಯಲ್ಲಿ ಕೊಂಡಿ ಹಾಕಿಸಬೇಕು. ಕೊಂಡಿ ಹಾಕಿದ ಮೇಲೆ ಜೋಳದ ಚೀಲವೊಂದನ್ನು ತೂಗುಹಾಕಿ ಒಂದು ದಿನ ಬಿಟ್ಟು ನೋಡುವುದು ಲೇಸು. ಜೋಳಿಗೆಯಲ್ಲಿ ಎಳೆಗೂಸಿನ ಗದ್ದ ಎದೆಗೆ ಒತ್ತಿಕೊಂಡು ಉಸಿರು ಕಟ್ಟೀತು. ಮೊದಲ ತಿಂಗಳುಗಳಲ್ಲಿ ಗಟ್ಟಿಯಾದ ಹಾಸಿನ ಮೇಲೆ, ತಾಯಿಯ ಮಗ್ಗುಲಲ್ಲಿ, ಅಂಗಾತ ಮಲಗಿಸುವುದೇ ಸುರಕ್ಷಿತ. ಕಸೂತಿ ಹಾಕಿದ ಕುಲಾಯಿ ಕುಂಚಿಗೆಗಳು ಹೆಸರಿಡುವ ದಿನದ ಫೋಟೋಕ್ಕಿರಲಿ.

ಮಗುವಿನ ತಂದೆ ಈ ಎಲ್ಲದರಲ್ಲಿ ಎಲ್ಲಿದ್ದಾನೆ? ಬೆಂಗಳೂರಿನಲ್ಲಿದ್ದಾನೆ. ವೀಡಿಯೊ ಕರೆಯಲ್ಲಿ ಮುಖ ತೋರಿಸುತ್ತಾನೆ. ಸರಕಾರಿ ನೌಕರನಾದರೆ 15 ದಿನಗಳ ಪಿತೃತ್ವ ರಜೆ ಅವನಿಗುಂಟು. ಹೆರಿಗೆಯ ಹಿಂದುಮುಂದಿನ ದಿನಗಳಿಗೆ ಅದನ್ನು ಕಾದಿರಿಸಬೇಕು. ಬಾಣಂತನವೆಂದರೆ ಹೆಂಗಸರ ಲೋಕ, ಅಳಿಯನಿಗೆ ಪಡಸಾಲೆಯೇ ಗತಿ ಎಂಬ ನಿಯಮವನ್ನು ಅತ್ತೆ ಕೊಂಚ ಸಡಿಲಿಸಿದರೆ ಅವನೂ ಕೂಸಿನ ಬಟ್ಟೆ ಬದಲಿಸಲು ಕಲಿಯುತ್ತಾನೆ. ಮೂರು ತಿಂಗಳ ಮೇಲೆ ಬೆಂಗಳೂರಿನ ಎರಡು ಕೋಣೆಯ ಮನೆಗೆ ಹೆಂಡತಿ ಮರಳಿದಾಗ ಅಲ್ಲಿ ಅಜ್ಜಿಯಿಲ್ಲ, ಎರೆಯುವ ಮುದುಕಿಯಿಲ್ಲ. 2017ರ ತಿದ್ದುಪಡಿಯಿಂದ ದೊರೆತ 26 ವಾರಗಳ ಹೆರಿಗೆ ರಜೆಯೂ ಒಂದು ದಿನ ಮುಗಿಯುತ್ತದೆ.

ಅವಳ ಮನಸ್ಸಿನ ಮಾತನ್ನು ಕೇಳುವವರು ಕಡಿಮೆ. ಹೆತ್ತ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಹತ್ತು ಹದಿನೈದು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಹೋಗದೆ, ನಿದ್ದೆ ಬಾರದೆ, ಕೂಸಿನ ಮೇಲೆಯೇ ಬೇಸರ ಬಂದು, ಬದುಕು ಬೇಡವೆನಿಸಿದರೆ ಅದು ಕಾಯಿಲೆ. ಹಳಬರು ‘ಸನ್ನಿ’ಯೆಂದು ಹೆದರಿ ಗಾಳಿ ಬಿಡಿಸುವವರ ಬಳಿ ಒಯ್ಯುತ್ತಿದ್ದ ಕೆಲವು ಬಾಣಂತಿಯರದು ಇದೇ. ಚಿಕಿತ್ಸೆಯುಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ನೋಡಿಕೊಳ್ಳುವ ವಿಭಾಗವೇ ಇದೆ. ಹೆಣ್ಣು ಹುಟ್ಟಿದ ಮನೆಯಲ್ಲಿ ಆಡುವ ಒಂದು ಕೊಂಕುಮಾತು ಈ ಕಾಯಿಲೆಗೆ ಎಷ್ಟು ಇಂಬು ಕೊಡುತ್ತದೆಂಬುದನ್ನು ಬೀಗರಿಬ್ಬರೂ ಕುಬಸದ ದಿನವೇ ನೆನೆದುಕೊಂಡರೆ ಒಳಿತು.

ಮಸ್ಕಿಯ ಆ ಮನೆಯಲ್ಲಿ ಉಂಡೆ ಕಟ್ಟಿಯಾಯಿತು. ಡಬ್ಬಿ ಅಟ್ಟವೇರಿತು. ಕೌದಿಯ ಕೊನೆಯ ಅಂಚಿಗೆ ಅಜ್ಜಿ ಕೆಂಪು ದಾರ ಪೋಣಿಸುತ್ತಿದ್ದಾಳೆ. ತಾಯಿ ಒಂದು ಚೀಲ ತಂದು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ಒಳಗೆ ಎರಡು ಹಳೆಯ ಸೀರೆ, ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿಯ ಬಟ್ಟೆಗಳು, ಒಂದು ಟವೆಲು, ಟಾರ್ಚು, ಆಧಾರ್ ಕಾರ್ಡಿನ ನಕಲು, ಸ್ವಲ್ಪ ಹಣ. ತಾಯಿ ಕಾರ್ಡಿಗೊಂದು ಜಾಗ ಖಾಲಿ ಬಿಟ್ಟಿದೆ. ಅದು ಮಗಳೊಡನೆ ನಾಳೆ ಬೆಳಗಿನ ಬಸ್ಸಿಗೆ ಬರುತ್ತದೆ.